ಹಬ್ಬಲು ಬಾರದ ಬಳ್ಳಿ

ಗುಲಾಬಿಗೆ ಹಬ್ಬಲು ಬರುವುದಿಲ್ಲ. ನರ್ಸರಿಯವರು ಅದನ್ನು ಕ್ರೀಪರ್ ರೋಸ್ ಎಂದು ಮಾರಲಿ, ನಾವು ಬಳ್ಳಿ ಗುಲಾಬಿ ಎಂದು ತರೋಣ, ಹಬ್ಬುವುದಕ್ಕೆ ಬೇಕಾದ ಅಂಗ ಮಾತ್ರ ಆ ಗಿಡದ ಮೈಮೇಲೆ ಒಂದೂ ಇಲ್ಲ. ಹೀರೆಗೆ ಕುಡಿ ಉಂಟು. ಹಗ್ಗವೋ ಕಡ್ಡಿಯೋ ತಗುಲಿದರೆ ಸಾಕು, ಸುತ್ತಿ ಹಿಡಿದುಕೊಳ್ಳುತ್ತದೆ. ಅವರೆಯ ಕಾಂಡ ತಾನೇ ಗೂಟಕ್ಕೆ ಸುತ್ತು ಹಾಕುತ್ತದೆ. ಅಡಿಕೆ ತೋಟದಲ್ಲಿ ವೀಳ್ಯದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಕ್ಕೆ ಅಂಟಿಕೊಂಡು ಏರುತ್ತದೆ. ಗುಲಾಬಿಗೆ ಗೊತ್ತಿರುವುದು ಎರಡೇ ವಿದ್ಯೆ: ಉದ್ದುದ್ದ ರೆಂಬೆ ಬಿಡುವುದು, ಪಕ್ಕದಲ್ಲಿ ಸಿಕ್ಕವರ ಮೇಲೆ ಒರಗುವುದು.

ಒರಗಿದ್ದು ಜಾರದಂತೆ ನೋಡಿಕೊಳ್ಳುವುದು ಮುಳ್ಳಿನ ಕೆಲಸ. ಬಲಿತ ರೆಂಬೆಯ ಒಂದು ಮುಳ್ಳನ್ನು ಹತ್ತಿರದಿಂದ ನೋಡಿ. ಬುಡ ಅಗಲ, ತುದಿ ಕೆಳಮುಖವಾಗಿ ಬಾಗಿದೆ. ಮೇಲೆ ಹೋಗುವಾಗ ಅಡ್ಡಿಯಿಲ್ಲ, ಕೆಳಗೆ ಜಾರುವಾಗ ಕೊಕ್ಕೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಮುಳ್ಳು ಟಕ್ಕನೆ ಕಳಚಿ ಬರುತ್ತದೆ, ಅದಿದ್ದ ಜಾಗದಲ್ಲಿ ನುಣುಪಾದ ಮೊಟ್ಟೆಯಾಕಾರದ ಕಲೆ ಉಳಿಯುತ್ತದೆ. ನಿಂಬೆಯ ಮುಳ್ಳನ್ನೋ ಬೋಗನ್‌ವಿಲ್ಲಾದ ಮುಳ್ಳನ್ನೋ ಹಾಗೆ ಕಳಚಲು ಹೋದರೆ ಬೆರಳೇ ನೋಯುತ್ತದೆ. ಅವು ಮುಳ್ಳಾಗಿ ಮಾರ್ಪಟ್ಟ ರೆಂಬೆಗಳು. ಒಳಗೆ ನೀರು ಸಾಗಿಸುವ ನಾಳಗಳಿವೆ, ಕಟ್ಟಿಗೆಯಿದೆ. ಗುಲಾಬಿಯದು ಬರೀ ತೊಗಟೆಯ ಮೇಲ್ಪದರ ಉಬ್ಬಿ ಗಟ್ಟಿಯಾದದ್ದು. ಇಂಥ ಮುಳ್ಳು ಬದನೆಗೂ ಇದೆ. ಗುಲಾಬಿ, ಬದನೆ ಒಂದಕ್ಕೊಂದು ತೀರ ದೂರದ ಕುಲಗಳು. ಆದರೂ ಮುಳ್ಳು ಎಬ್ಬಿಸಲು ಎರಡೂ ಒಂದೇ ಬಗೆಯ ಜೀನನ್ನು ದುಡಿಸಿಕೊಂಡಿವೆ ಎಂದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನನ್ನು ತಯಾರಿಸುವ 'ಲಾಗ್' ಎಂಬ ಜೀನು ಅದು. ಬದನೆಯ ಮುಳ್ಳಿಲ್ಲದ ತಳಿಗಳಲ್ಲಿ ಅದು ಕೆಟ್ಟಿತ್ತು. ಗುಲಾಬಿಯಲ್ಲಿ ಅದನ್ನು ಅದುಮಿದಾಗ ಮುಳ್ಳು ಬೆಳೆಯುವುದು ಕುಂಠಿತವಾಯಿತು.

ಕಾಡಿನಲ್ಲಿ ಒರಗಲು ಮರವಿರುತ್ತದೆ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಇರುವುದು ಕಂಪೌಂಡ್ ಗೋಡೆ, ಗೇಟು, ಪೋರ್ಟಿಕೋದ ಕಂಬ, ಬಾಲ್ಕನಿಯ ಗ್ರಿಲ್ಲು. ಸಾರಿಸಿ ಬಣ್ಣ ಬಳಿದ ಗೋಡೆಯನ್ನು ಯಾವ ಕೊಕ್ಕೆ ಹಿಡಿದೀತು? ಹಾಗಾಗಿ ಇಲ್ಲಿ ಬಳ್ಳಿ ಗುಲಾಬಿಯನ್ನು ಏರಿಸುವವರು ನೀವೇ. ಕಟ್ಟುವವರೂ ನೀವೇ. ಅದು ಹೇಗೂ ನಿಮ್ಮ ಕೆಲಸವೇ ಆದಮೇಲೆ, ಮಕ್ಕಳು ಓಡಾಡುವ ಗೇಟಿನ ಬಳಿಗೆ ಮುಳ್ಳು ಕಡಿಮೆಯಿರುವ ತಳಿಯನ್ನೇ ಆರಿಸಿಕೊಂಡರೆ ಗಿಡಕ್ಕೇನೂ ನಷ್ಟವಿಲ್ಲ.

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಕಾರಿಗೆ ಜಾಗ ಬಿಟ್ಟು, ಸಂಪು ತೋಡಿಸಿದ ಮೇಲೆ ಗಿಡಕ್ಕೆ ಉಳಿಯುವುದು ಕಂಪೌಂಡಿನ ಮಗ್ಗುಲಲ್ಲಿ ಎರಡಡಿ ಅಗಲದ ಪಟ್ಟಿ. ಪೊದೆ ಗುಲಾಬಿ ಅಷ್ಟನ್ನೂ ತಾನೇ ನುಂಗಿ ನಾಲ್ಕಡಿ ಎತ್ತರಕ್ಕೆ ನಿಲ್ಲುತ್ತದೆ. ಬಳ್ಳಿ ಗುಲಾಬಿ ಅಷ್ಟೇ ಮಣ್ಣಿನಲ್ಲಿ ಬೇರೂರಿ, ಹತ್ತು-ಹನ್ನೆರಡು ಅಡಿ ಗೋಡೆಯನ್ನು ಬಳಸಿಕೊಳ್ಳುತ್ತದೆ. ಬಡಾವಣೆಯ ಮನೆಗೆ ಇದಕ್ಕಿಂತ ಹೇಳಿ ಮಾಡಿಸಿದ ಗಿಡ ಇನ್ನೊಂದಿಲ್ಲ ಅನ್ನಬಹುದು. ಆದರೂ ಬೀದಿಯಲ್ಲಿ ನಡೆದು ನೋಡಿದರೆ ಕಾಣುವ ದೃಶ್ಯವೇ ಬೇರೆ: ಎರಡನೇ ಮಹಡಿಗೆ ಮುಖ ಮಾಡಿದ ನಾಲ್ಕೈದು ನೀಳ ರೆಂಬೆ, ತುತ್ತತುದಿಯಲ್ಲಿ ಮೂರು ಹೂ, ಕೆಳಗೆಲ್ಲ ಬೋಳು ಕೋಲು. ಹೂ ನೋಡುವ ಭಾಗ್ಯ ಎದುರು ಮನೆಯ ಟೆರೇಸಿನವರಿಗೆ. ಇಲ್ಲವೇ, ಮನೆಯವರು ಬೇಸತ್ತು ಮೊಣಕಾಲೆತ್ತರಕ್ಕೆ ಕಚಕ್ಕೆಂದು ಸವರಿಬಿಟ್ಟ ಗಿಡ. ಅದು ಮತ್ತೆ ಬರೀ ಎಲೆ, ಬರೀ ರೆಂಬೆ. "ಗೊಬ್ಬರ ಸಾಲದು ನೋಡ್ರಿ ಅಕ್ಕಾರೆ" ಎನ್ನುವ ಸಲಹೆ ಆಗ ಪುಕ್ಕಟೆಯಾಗಿ ಸಿಗುತ್ತದೆ. ಗೊಬ್ಬರದ್ದಲ್ಲ ತೊಂದರೆ. ಬೆಳೆಯಬೇಕೋ ಹೂ ಬಿಡಬೇಕೋ ಎಂಬ ಜಗ್ಗಾಟ ಈ ಗಿಡದ ಒಳಗೇ ಇದೆ, ಅದನ್ನು ಅರ್ಥ ಮಾಡಿಕೊಳ್ಳದೆ ಕತ್ತರಿ ಹಿಡಿದರೆ ಗೆಲ್ಲುವುದು ಬೆಳವಣಿಗೆಯೇ.

ಈ ಜಗ್ಗಾಟದ ಕಥೆ ಚೀನಾದಿಂದ ಶುರುವಾಗಬೇಕು. ಕಾಡು ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೆ ಒಂದೇ ಸಲ ಹೂ ಬಿಡುವಂಥವು. ಈ ವರ್ಷ ಉದ್ದ ರೆಂಬೆ ಬೆಳೆಸುತ್ತವೆ, ಚಳಿಗಾಲ ಕಳೆಯುತ್ತವೆ, ವಸಂತದಲ್ಲಿ ಆ ಹಳೇ ರೆಂಬೆಯ ಕಣ್ಣುಗಳಿಂದ ಹೂಗೊಂಚಲು ಹೊರಡಿಸುತ್ತವೆ. ಅಲ್ಲಿಗೆ ಆ ವರ್ಷದ ಹೂವಿನ ಬಾಬತ್ತು ಮುಗಿಯಿತು. ಯುರೋಪಿನ ತೋಟಗಳಿಗೆ ಬಹುಕಾಲ ಗೊತ್ತಿದ್ದದ್ದು ಹೆಚ್ಚುಕಡಿಮೆ ಇಂಥ ಗುಲಾಬಿಗಳೇ. ಹದಿನೆಂಟನೇ ಶತಮಾನದ ಕೊನೆಗೆ ಚೀನಾದಿಂದ ಹಡಗೇರಿ ಹೋದ ಕೆಲವು ಗಿಡಗಳು ತಿಂಗಳುತಿಂಗಳೂ ಹೂ ಬಿಟ್ಟು ಅಲ್ಲಿಯವರನ್ನು ಬೆರಗುಗೊಳಿಸಿದವು. ದಾರಿಯಲ್ಲಿ ಕಲ್ಕತ್ತದಲ್ಲಿ ತಂಗಿ ಹೋದದ್ದರಿಂದ ಅವಕ್ಕೆ 'ಬಂಗಾಳ ಗುಲಾಬಿ' ಎಂಬ ಹೆಸರೂ ಅಂಟಿತು. ಅವುಗಳಲ್ಲೊಂದು ತಿಳಿಗುಲಾಬಿ ಬಣ್ಣದ 'ಓಲ್ಡ್ ಬ್ಲಶ್'. ಇಂದಿನ ಹೂವಿನಂಗಡಿಯ ಗುಲಾಬಿಗಳು ವರ್ಷವಿಡೀ ಅರಳುವ ಗುಣವನ್ನು ಪಡೆದದ್ದು ಇಂಥ ಚೀನೀ ಅಜ್ಜಿಯರಿಂದಲೇ. 2018ರಲ್ಲಿ ಗುಲಾಬಿಯ ಪೂರ್ಣ ಜೀನೋಮನ್ನು ಓದಿದಾಗ ವಿಜ್ಞಾನಿಗಳು ಆರಿಸಿಕೊಂಡದ್ದೂ ಓಲ್ಡ್ ಬ್ಲಶ್ ಗಿಡವನ್ನೇ.

ಓಲ್ಡ್ ಬ್ಲಶ್‌ಗೆ ಆ ಗುಣ ಬಂದದ್ದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕದ್ದು 2012ರಲ್ಲಿ, ಜಪಾನ್ ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ ನಡೆಸಿದ ಅಧ್ಯಯನದಿಂದ. ಗುಲಾಬಿಯಲ್ಲಿ ಕೆಎಸ್‌ಎನ್ ಎಂಬ ಜೀನೊಂದಿದೆ. ಅದು ಹೂ ಬಿಡುವುದಕ್ಕೆ ಹಾಕಿರುವ ಬ್ರೇಕು. ಅದು ಕೆಲಸ ಮಾಡುತ್ತಿರುವಷ್ಟು ಕಾಲ ರೆಂಬೆಯ ತುದಿ ಎಲೆಯ ಮೇಲೆ ಎಲೆ ಹಾಕುತ್ತಾ ಹೋಗುತ್ತದೆ. ಚಳಿ ಕಳೆದು ವಸಂತ ಕಾಲಿಟ್ಟಾಗ ಬ್ರೇಕು ಸಡಿಲಗೊಂಡು ಕಣ್ಣುಗಳು ಹೂವಾಗುತ್ತವೆ. ಚೀನಾದ ತೋಟಗಳಲ್ಲಿ ಎಂದೋ ಒಮ್ಮೆ ಈ ಜೀನಿನ ನಡುವೆ ಸುಮಾರು 9,000 ಅಕ್ಷರಗಳಷ್ಟು ಉದ್ದದ ಡಿಎನ್‌ಎ ತುಂಡೊಂದು ಬಂದು ಕೂತುಬಿಟ್ಟಿತು. ವರ್ಣತಂತುಗಳಲ್ಲಿ ಜಾಗ ಬದಲಿಸಬಲ್ಲ, 'ಜಿಗಿಯುವ ಜೀನು' ಎನ್ನುವ ಜಾತಿಯ ತುಂಡು ಅದು. ಜೋಳದ ಕಾಳುಗಳ ಬಣ್ಣ ನೋಡಿ ಇಂಥವುಗಳ ಇರವನ್ನು ಪತ್ತೆ ಹಚ್ಚಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ತುಂಡು ಬಂದು ಕೂತದ್ದರಿಂದ ಕೆಎಸ್‌ಎನ್ ಜೀನನ್ನು ಸರಿಯಾಗಿ ಓದಲಾಗದೆ ಬ್ರೇಕು ಕೆಟ್ಟಿತು. ಅಲ್ಲಿಂದ ಮುಂದೆ ಆ ಗಿಡದಲ್ಲಿ ಚಿಗುರಿದ ರೆಂಬೆರೆಂಬೆಯೂ ಹೂವಿನಲ್ಲೇ ಕೊನೆಗೊಳ್ಳತೊಡಗಿತು.

ಇಲ್ಲೊಂದು ಸೂಕ್ಷ್ಮವಿದೆ. ರೆಂಬೆಯ ತುದಿ ಹೂವಾಯಿತೆಂದರೆ ಆ ರೆಂಬೆ ಮುಂದೆ ಉದ್ದವಾಗುವಂತಿಲ್ಲ, ಬೆಳೆಯುವ ತುದಿಯೇ ಖರ್ಚಾಗಿಹೋಯಿತಲ್ಲ. ಹಾಗಾಗಿ ಸದಾ ಅರಳುವ ಗುಲಾಬಿ ಗಿಡ್ಡ ಪೊದೆಯಾಗಿಯೇ ಉಳಿಯುತ್ತದೆ. ಎತ್ತರ ಮತ್ತು ಹೂವು, ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆ. ಇನ್ನು ಪೊದೆ ಗುಲಾಬಿಯ ಯಾವುದೋ ಒಂದು ರೆಂಬೆ ಮಾತ್ರ ಇದ್ದಕ್ಕಿದ್ದಂತೆ ಆರಡಿ, ಎಂಟಡಿ ನೀಳವಾಗಿ ಚಾಚಿಕೊಳ್ಳುವುದನ್ನು ತೋಟಗಾರರು ಬಹುಕಾಲದಿಂದ ನೋಡುತ್ತ ಬಂದಿದ್ದಾರೆ. ಅಂಥ ರೆಂಬೆಯ ಕಣ್ಣು ತೆಗೆದು ಕಸಿ ಮಾಡಿದರೆ ಬಳ್ಳಿ ಗುಲಾಬಿ ಸಿಗುತ್ತದೆ. 'ಕ್ಲೈಂಬಿಂಗ್ ಪೀಸ್', 'ಕ್ಲೈಂಬಿಂಗ್ ಐಸ್‌ಬರ್ಗ್', 'ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ' ಎಂದು ಹೆಸರಿನ ಹಿಂದೆ 'ಕ್ಲೈಂಬಿಂಗ್' ಹೊತ್ತ ಗಿಡಗಳೆಲ್ಲ ಹೀಗೆ ತಾವಾಗಿ ಹುಟ್ಟಿಕೊಂಡವು. ಓಲ್ಡ್ ಬ್ಲಶ್‌ನ ಬಳ್ಳಿ ರೂಪವನ್ನು ತಪಾಸಣೆ ಮಾಡಿದಾಗ ಕಂಡದ್ದು ಇದು: ಜೀನಿನಲ್ಲಿ ಬಂದು ಕೂತಿದ್ದ ತುಂಡಿನ ಬಹುಭಾಗ ಕಳಚಿಹೋಗಿದೆ, ಒಂದು ಸಣ್ಣ ಚೂರು ಮಾತ್ರ ಗುರುತಿಗೆ ಉಳಿದಿದೆ, ಕೆಎಸ್‌ಎನ್ ಮತ್ತೆ ಕೆಲಸ ಮಾಡುತ್ತಿದೆ. ಬ್ರೇಕು ರಿಪೇರಿಯಾಯಿತು, ಗಿಡ ಎತ್ತರಕ್ಕೆ ಹೋಯಿತು, ಹೂ ಕಡಿಮೆಯಾಯಿತು.

ಇದನ್ನು ತಿಳಿದುಕೊಂಡರೆ 'ಎರಡು ಮಹಡಿ ಎತ್ತರ, ವರ್ಷವಿಡೀ ಮೈತುಂಬ ಹೂ' ಎಂಬ ಚೀಟಿ ನೇತುಹಾಕಿದ ಸಸಿಯನ್ನು ಅನುಮಾನದಿಂದ ನೋಡುವ ಬುದ್ಧಿ ಬರುತ್ತದೆ. ಹಾಗೆಂದು ಅದು ಪೂರ್ತಿ ಸುಳ್ಳೂ ಅಲ್ಲ. ಇಂದಿನ ತೋಟದ ಗುಲಾಬಿಗಳಲ್ಲಿ ಹೆಚ್ಚಿನವಕ್ಕೆ ಪ್ರತಿ ಜೀನಿನದೂ ನಾಲ್ಕು ಪ್ರತಿಗಳಿರುತ್ತವೆ. ನಾಲ್ಕರಲ್ಲಿ ಎಷ್ಟು ಕೆಟ್ಟಿವೆ, ಎಷ್ಟು ನೆಟ್ಟಗಿವೆ ಎಂಬುದರ ಮೇಲೆ ನಡುವಿನ ಬಗೆಬಗೆಯ ಗಿಡಗಳು ಸಾಧ್ಯ. ಸಾಕಷ್ಟು ಎತ್ತರಕ್ಕೂ ಹೋಗಿ ವರ್ಷಕ್ಕೆ ಮೂರ್ನಾಲ್ಕು ಸರತಿ ಹೂವನ್ನೂ ಕೊಡುವ ಬಳ್ಳಿಗಳಿವೆ. ಉಲ್ಟಾ ದಾರಿಯಲ್ಲಿ ಬಂದವೂ ಇವೆ. ವರ್ಷಕ್ಕೊಮ್ಮೆ ಮಾತ್ರ ಅರಳುತ್ತಿದ್ದ 'ಡಾಕ್ಟರ್ ಡಬ್ಲ್ಯೂ. ವ್ಯಾನ್ ಫ್ಲೀಟ್' ಎಂಬ ಬಳ್ಳಿಯ ಒಂದು ರೆಂಬೆ ಅಮೆರಿಕದಲ್ಲಿ ಮತ್ತೆಮತ್ತೆ ಹೂ ಬಿಡತೊಡಗಿತು. ಅದೇ 'ನ್ಯೂ ಡಾನ್'. 1931ರಲ್ಲಿ ಅಮೆರಿಕ ಸರ್ಕಾರ ಕೊಟ್ಟ ಮೊತ್ತಮೊದಲ ಸಸ್ಯ ಪೇಟೆಂಟು ಇದಕ್ಕೇ ಸಂದಿತು.

ಇಷ್ಟು ಹೇಳಿದ ಮೇಲೆ ದಾವಣಗೆರೆಗೆ ಬರೋಣ. ಊರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಡಿಸೆಂಬರ್-ಜನವರಿಯ ರಾತ್ರಿ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿದೀತು, ನಮಗೆ ಸ್ವೆಟರ್ ಹಾಕಿಕೊಳ್ಳಲು ಅಷ್ಟು ಸಾಕು. ಹಿಮದ ನಾಡಿನ ಗುಲಾಬಿಗೆ ಅದು ಚಳಿಯ ಲೆಕ್ಕಕ್ಕೇ ಇಲ್ಲ. ಚಳಿಗಾಲ ಕಳೆದ ಮೇಲೆ ಬ್ರೇಕು ಸಡಿಲಿಸುವ ಯುರೋಪಿನ ಬಳ್ಳಿಗಳನ್ನು ಇಲ್ಲಿ ತಂದು ನೆಟ್ಟರೆ ಹಸಿರಿಗೇನೂ ಕೊರತೆಯಿರುವುದಿಲ್ಲ, ಹೂವಿಗೆ ಮಾತ್ರ ಬರ. ಅಂತರ್ಜಾಲದಲ್ಲಿ ಇಂಗ್ಲೆಂಡಿನ ಹಳ್ಳಿಮನೆಯ ಚಿತ್ರ ನೋಡಿ, ಅದೇ ಹೆಸರಿನ ಸಸಿಯನ್ನು ಪಾರ್ಸೆಲ್ ತರಿಸುವ ಮುನ್ನ ಇಷ್ಟು ನೆನಪಿಡಿ.

ನಮಗೆ ಬೇಕಾದದ್ದು ಬಿಸಿನಾಡಿನ ರಕ್ತವಿರುವ ಬಳ್ಳಿ. ಅದು ಇಲ್ಲವೆಂದಲ್ಲ. ಮಣಿಪುರದ ಬೆಟ್ಟಗಳಲ್ಲಿ 1882ರಲ್ಲಿ ಜಾರ್ಜ್ ವಾಟ್ ಕಂಡ ರೋಸಾ ಜೈಗ್ಯಾಂಟಿಯಾ ಜಗತ್ತಿನ ಅತಿ ದೈತ್ಯ ಗುಲಾಬಿಗಳಲ್ಲೊಂದು. ಮರಗಳ ನೆತ್ತಿಯನ್ನೇ ಹತ್ತಿ ಕೂರುತ್ತದೆ, ಅಂಗೈಯಗಲದ ಕೆನೆಬಣ್ಣದ ಹೂ. ಗಂಗೆಯ ಬಯಲಿನ ನದಿದಂಡೆಗಳಲ್ಲಿ ಬೆಳೆಯುವ ರೋಸಾ ಕ್ಲೈನೊಫಿಲಾ ಬಿಸಿಲಿಗೂ ಬಗ್ಗದು, ಬುಡದಲ್ಲಿ ನೀರು ನಿಂತರೂ ಜಗ್ಗದು. ನಮಗೆ ಇನ್ನೂ ಹತ್ತಿರದ್ದು ನೀಲಗಿರಿ ಮತ್ತು ಪಳನಿ ಬೆಟ್ಟಗಳ ಬಿಳಿ ಹೂವಿನ ರೋಸಾ ಲೆಶನಾಲ್ಟಿಯಾನಾ, ಪಶ್ಚಿಮಘಟ್ಟದ್ದೇ ಬಳ್ಳಿ ಗುಲಾಬಿ. ಆದರೆ ಅದು ಎತ್ತರದ ತಂಪು ಬಿಟ್ಟು ಕೆಳಗಿಳಿಯುವ ಗಿಡವಲ್ಲ. ಬಿಸಿನಾಡಿನ ಗುಲಾಬಿಯನ್ನು ಬಿಸಿನಾಡಿನ ಕಾಡುಗಿಡಗಳಿಂದಲೇ ಕಟ್ಟಬೇಕು ಎಂದು ಹಟ ಹಿಡಿದವರು ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್. ಪತ್ನಿ ಗಿರಿಜಾ ಅವರೊಂದಿಗೆ ಕೊಡೈಕೆನಾಲಿನಲ್ಲಿ ನೆಲೆಸಿ ಜೈಗ್ಯಾಂಟಿಯಾ, ಕ್ಲೈನೊಫಿಲಾಗಳನ್ನು ತೋಟದ ಗುಲಾಬಿಗಳೊಂದಿಗೆ ಬೆರೆಸಿ ಹೊಸ ತಳಿಗಳನ್ನು ಹುಟ್ಟಿಸಿದರು. ಅದಕ್ಕೂ ಮುಂಚೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ 'ದೆಹಲಿ ವೈಟ್ ಪರ್ಲ್', 'ದೆಹಲಿ ಪಿಂಕ್ ಪರ್ಲ್' ಎಂಬ ಬಳ್ಳಿಗಳು ಬಂದಿದ್ದವು. ಅಲ್ಲಿ ಗುಲಾಬಿಯ ಹುಚ್ಚು ಹತ್ತಿಸಿದ ಬಿ.ಪಿ. ಪಾಲ್ ಅವರು ಕಸುಬಿನಿಂದ ಗೋಧಿ ತಳಿ ವಿಜ್ಞಾನಿ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕರು.

ಇವೆಲ್ಲ ನಮ್ಮೂರ ನರ್ಸರಿಯಲ್ಲಿ ಸಿಗುತ್ತವೆಯೇ ಎಂದು ಕೇಳಿದರೆ ಬಹಳ ಸಲ ಸಿಗುವುದು ಹೆಸರಿಲ್ಲದ ಕೆಂಪು, ಹೆಸರಿಲ್ಲದ ಬಿಳಿ. ಪರವಾಗಿಲ್ಲ. ನರ್ಸರಿಯಲ್ಲಿ ನಿಂತಿರುವ ಗಿಡ ಎರಡಡಿ ಇರುವಾಗಲೇ ಹೂ ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ಈ ಹವೆಗೆ ಅರಳುವ ಗುಣ ಅದಕ್ಕಿದೆ ಎಂದು ನಂಬಬಹುದು. ಉಳಿದದ್ದು ನಿಮ್ಮ ಕೈಯಲ್ಲಿದೆ.

ಕೈಯಲ್ಲಿ ಅಂದೆ. ಕತ್ತರಿಯಲ್ಲಿ ಅಲ್ಲ.

ರೆಂಬೆಯ ಉದ್ದಕ್ಕೂ, ಪ್ರತಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ, ಎಳ್ಳಿನಷ್ಟು ದಪ್ಪದ ಕೆಂಚು ಗುಬುಟು ಕಾಣುತ್ತದೆ. ಅದೇ ಕಣ್ಣು. ಎಂಟಡಿ ರೆಂಬೆಯಲ್ಲಿ ಇಂಥವು ಹತ್ತಾರು. ಪ್ರತಿಯೊಂದೂ ಹೂಗೊಂಚಲಾಗಬಲ್ಲದು, ಆದರೆ ರೆಂಬೆ ನೆಟ್ಟಗೆ ನಿಂತಿರುವಾಗ ತುದಿಯ ಒಂದೆರಡನ್ನು ಬಿಟ್ಟು ಮಿಕ್ಕವು ಮಲಗಿಯೇ ಇರುತ್ತವೆ. ತುದಿ ಅವುಗಳನ್ನು ಅದುಮಿಟ್ಟಿರುತ್ತದೆ. ತುದಿಯ ಎಳೆಚಿಗುರು ಆಕ್ಸಿನ್ ಎಂಬ ಹಾರ್ಮೋನು ತಯಾರಿಸಿ ಕೆಳಗೆ ಕಳಿಸುತ್ತದೆ, ಅದು ಹರಿಯುತ್ತಿರುವವರೆಗೂ ಕೆಳಗಿನ ಕಣ್ಣು ಏಳುವುದಿಲ್ಲ ಎಂಬುದನ್ನು ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು 1930ರ ದಶಕದಲ್ಲೇ ತೋರಿಸಿದ್ದರು. ತುದಿ ಚಿವುಟಿ, ಆ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಕಣ್ಣುಗಳು ಮಲಗಿಯೇ ಇದ್ದವು. ಬಹಳ ಕಾಲ ಅಷ್ಟೇ ಕಥೆ ಎಂದುಕೊಂಡಿದ್ದರು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಟಾಣಿ ಗಿಡದಲ್ಲಿ ಒಂದು ತಾಳೆಯಾಗದ ಲೆಕ್ಕವನ್ನು ಹಿಡಿದರು. ಆಕ್ಸಿನ್ ಸಾಗುವ ವೇಗ ಗಂಟೆಗೆ ಒಂದು ಸೆಂಟಿಮೀಟರ್ ಆಸುಪಾಸು. ತುದಿ ಚಿವುಟಿದ ಸುದ್ದಿ ಅದರ ಮೂಲಕವೇ ಬರಬೇಕೆಂದರೆ ಕೆಳಗಿನ ಕಣ್ಣಿಗೆ ತಲುಪುವುದು ತೀರ ತಡವಾಗಬೇಕು. ಆದರೆ ಕಣ್ಣು ಅದಕ್ಕೂ ಮುಂಚೆಯೇ ಉಬ್ಬತೊಡಗಿತ್ತು. ಮೊದಲು ಬಂದು ಎಬ್ಬಿಸಿದ್ದು ಸಕ್ಕರೆ. ತುದಿ ಎಂಬ ದೊಡ್ಡ ಗಿರಾಕಿ ಇಲ್ಲವಾದ ಮೇಲೆ ಎಲೆಗಳಲ್ಲಿ ತಯಾರಾದ ಸಕ್ಕರೆ ಗಂಟೆಗೆ ಒಂದೂವರೆ ಮೀಟರ್ ವೇಗದಲ್ಲಿ ಕೆಳಗಿನ ಕಣ್ಣುಗಳ ಕಡೆ ತಿರುಗಿತ್ತು. ಗುಲಾಬಿಯ ಕಣ್ಣಿಗೂ ಸಕ್ಕರೆಯೇ ಎಬ್ಬಿಸುವ ಕರೆ ಎಂದು ಫ್ರಾನ್ಸಿನ ಆಂಜೆಯ ಪ್ರಯೋಗಾಲಯ ಕಂಡುಕೊಂಡಿತು. ಅಲ್ಲಿಯೇ ಗೊತ್ತಾದ ಇನ್ನೊಂದು ಸಂಗತಿ: ಕತ್ತಲಲ್ಲಿಟ್ಟ ಗುಲಾಬಿಯ ಕಣ್ಣು, ತುದಿ ಕತ್ತರಿಸಿದರೂ ಏಳುವುದಿಲ್ಲ. ಅದಕ್ಕೆ ಬೆಳಕೂ ಬೇಕು.

ಈಗ ಆ ಎಂಟಡಿ ರೆಂಬೆಯನ್ನು ಕತ್ತರಿಸದೆ, ನಿಧಾನಕ್ಕೆ ಬಾಗಿಸಿ ಗೋಡೆಯ ಉದ್ದಕ್ಕೆ ಮಲಗಿಸಿ ಕಟ್ಟಿ. ತುದಿಯ ದರ್ಬಾರು ಸಡಿಲವಾಗುತ್ತದೆ. ಮಲಗಿದ ರೆಂಬೆಯಲ್ಲಿ ಆಕ್ಸಿನ್ ಗುರುತ್ವದಿಂದಾಗಿ ಕೆಳಮಗ್ಗುಲಿಗೆ ಜಾರುತ್ತದೆ, ಮೇಲ್ಮಗ್ಗುಲಿನ ಕಣ್ಣುಗಳ ಮೇಲಿನ ಹಿಡಿತ ತಪ್ಪುತ್ತದೆ, ಬಿಸಿಲೂ ಅವುಗಳ ಮೇಲೇ ಬೀಳುತ್ತದೆ. ಎರಡು-ಮೂರು ವಾರದೊಳಗೆ ಮೇಲ್ಮಗ್ಗುಲಿನ ಕಣ್ಣುಗಳು ಸಾಲಾಗಿ ಕೆಂಪಗೆ ಉಬ್ಬುತ್ತವೆ. ಒಂದೊಂದರಿಂದಲೂ ಗೇಣುದ್ದದ ಚಿಗುರು, ಚಿಗುರಿನ ತುದಿಗೆ ಹೂ. ತುದಿಯಲ್ಲಿ ಮೂರು ಹೂ ಬಿಡುತ್ತಿದ್ದ ಅದೇ ರೆಂಬೆ ಉದ್ದಕ್ಕೂ ತೋರಣ ಕಟ್ಟಿದ ಹಾಗೆ ಅರಳುತ್ತದೆ. ದೊಡ್ಡಬಳ್ಳಾಪುರ, ಹೊಸೂರುಗಳ ಪಾಲಿಹೌಸುಗಳಲ್ಲಿ ಕಟ್ ಫ್ಲವರ್ ಬೆಳೆಯುವವರೂ 'ಬೆಂಡಿಂಗ್' ಎಂದು ಬಡಕಲು ರೆಂಬೆಗಳನ್ನು ಬಾಗಿಸುತ್ತಾರೆ. ಅವರ ಉದ್ದೇಶ ಕೊಂಚ ಬೇರೆ: ಬಾಗಿದ ರೆಂಬೆಯ ಎಲೆಗಳು ಸಕ್ಕರೆ ತಯಾರಿಸಿ ಬುಡಕ್ಕೆ ಕೊಡಲಿ, ಬುಡದಿಂದ ದಪ್ಪನೆಯ ಹೂದಂಡು ಏಳಲಿ ಎಂದು.

ಬಾಗಿಸುವುದರಲ್ಲೂ ಒಂದು ಹದವಿದೆ. ಕಮಾನಿನಂತೆ ಬಾಗಿಸಿ ತುದಿಯನ್ನು ನೆಲದತ್ತ ಇಳಿಸಿದರೆ ಕಮಾನಿನ ನೆತ್ತಿಯಲ್ಲಿರುವ ಕಣ್ಣು ತಾನೇ ಹೊಸ ಯಜಮಾನನಾಗಿ ಅಲ್ಲಿಂದ ನೆಟ್ಟಗೆ ಆಕಾಶಕ್ಕೆ ಏಳುತ್ತದೆ. ಆದ್ದರಿಂದ ನೆಲಕ್ಕೆ ಸಮಾಂತರವಾಗಿ, ತುದಿ ಒಂದಿಷ್ಟು ಮೇಲಿರುವಂತೆ ಕಟ್ಟುವುದು ಲೇಸು. ಗೇಟಿನ ಕಮಾನಿಗೆ ಹತ್ತಿಸುವುದಾದರೆ ಕಂಬದ ಮೇಲೆ ನೇರ ಏರಿಸದೆ ಸುತ್ತಿಸಿ ಏರಿಸಿ. ರೆಂಬೆ ಪೆನ್ಸಿಲ್ ದಪ್ಪ ಇರುವಾಗಲೇ ಶುರು ಮಾಡಬೇಕು. ಬೆರಳು ದಪ್ಪವಾಗಿ ಬಲಿತದ್ದನ್ನು ಒಂದೇ ದಿನ ಬಗ್ಗಿಸಿದರೆ ಬುಡದಲ್ಲಿ ಸಿಗಿಯುತ್ತದೆ. ಈ ವಾರ ಇಷ್ಟು, ಮುಂದಿನ ವಾರ ಇನ್ನಷ್ಟು. ಕಟ್ಟಲು ಬೈಂಡಿಂಗ್ ವೈರ್ ಬೇಡ, ರೆಂಬೆ ದಪ್ಪವಾದಂತೆ ತೊಗಟೆಗೆ ಕೊರೆದು ಕೂರುತ್ತದೆ. ಹಳೇ ಬನಿಯನ್ನಿನ ಪಟ್ಟಿಯೇ ಸಾಕು. ಮಿಲ್ಲುಗಳ ಕಾಲದಿಂದ ಹತ್ತಿಬಟ್ಟೆಗೆ ಹೆಸರಾದ ಊರಿನಲ್ಲಿ ಅದಕ್ಕೆ ಬಡತನವೇ!

ಸವರುವ ವಿಚಾರಕ್ಕೆ ಬಂದರೆ, ನಮ್ಮ ಕಡೆ ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ ಗುಲಾಬಿ ಸವರುವ ವಾಡಿಕೆ. ಸವರಿದ 40–45 ದಿನಕ್ಕೆ ಹೂ. ಪೊದೆ ಗುಲಾಬಿಗೆ ಇದು ಒಪ್ಪುವ ಮಾತು, ಅದು ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಅದೇ ಕತ್ತರಿ ಹಿಡಿದು, ಅದೇ ದಿನ, ಪಕ್ಕದ ಬಳ್ಳಿಯನ್ನೂ ಮೊಣಕಾಲಿಗೆ ಇಳಿಸುವುದೇ ಬಡಾವಣೆಯ ಬಳ್ಳಿಗಳಿಗೆ ಆಗುತ್ತಿರುವ ಅನ್ಯಾಯ. ಬಳ್ಳಿಯ ಹೂ ಬಹುಪಾಲು ಇರುವುದು ಹೋದ ವರ್ಷ ಬೆಳೆದ ಉದ್ದ ರೆಂಬೆಯ ಕಣ್ಣುಗಳಲ್ಲಿ. ಅದನ್ನೇ ಕಡಿದು ಬಿಸಾಡಿದರೆ ಗಿಡ ಪಾಪ ಮತ್ತೆ ಮೊದಲಿನಿಂದ ರೆಂಬೆ ಬೆಳೆಸಲು ಕೂರುತ್ತದೆ. ನೆಟ್ಟ ಮೊದಲ ಎರಡು ವರ್ಷ ಒಣಗಿದ್ದನ್ನು ಬಿಟ್ಟು ಏನನ್ನೂ ಕತ್ತರಿಸಬೇಡಿ. ಆಮೇಲೆ ಹೂ ಮುಗಿದ ಗೇಣುದ್ದದ ಕವಲುಗಳನ್ನು ಎರಡು-ಮೂರು ಕಣ್ಣು ಉಳಿಸಿ ಮೊಟಕು ಮಾಡಿ, ವರ್ಷಕ್ಕೊಂದು ಮುದಿ ರೆಂಬೆಯನ್ನು ಬುಡದಿಂದ ತೆಗೆದು, ಅದರ ಜಾಗಕ್ಕೆ ಹೊಸದನ್ನು ಮಲಗಿಸಿ. ಕತ್ತರಿಸಿದ ಬಾಯಿಗೆ ಮೈಲುತುತ್ತ-ಸುಣ್ಣದ ಬೋರ್ಡೋ ಮುಲಾಮು ಹಚ್ಚುವುದನ್ನು ಮರೆಯಬಾರದು. ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ಒಣಗುರೋಗ ಒಳಹೋಗುವುದು ಆ ಗಾಯದಿಂದಲೇ.

ಮಣ್ಣಿನ ಬಗ್ಗೆ ನಿಂತು ಹೇಳಬೇಕು. ದಾವಣಗೆರೆ, ಹರಿಹರದ ಸುತ್ತ ಭದ್ರಾ ಕಾಲುವೆಯ ಭತ್ತದ ಗದ್ದೆಗಳು, ಎರೆಹೊಲಗಳು. ಎರೆಮಣ್ಣಿನಲ್ಲಿ ಉಬ್ಬುವ ಜೇಡಿಯಿದೆ. ಮಳೆಯಲ್ಲಿ ನೀರು ಕುಡಿದು ಬಾತುಕೊಂಡು ಬೇರಿಗೆ ಗಾಳಿಯಿಲ್ಲದಂತೆ ಮಾಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಬೇರನ್ನು ಹರಿದುಹಾಕುತ್ತದೆ. ಜೊತೆಗೆ ಸುಣ್ಣದ ಅಂಶ. ಅದು ಸಾಲದೆಂಬಂತೆ, ಕಂಪೌಂಡಿನ ಬುಡದಲ್ಲಿ ಮನೆ ಕಟ್ಟಿದಾಗ ಬಿದ್ದ ಸಿಮೆಂಟು ಗಾರೆಯ ಉಂಡೆಗಳು, ಮೇಲಿಂದ ಬೋರಿನ ಗಡಸು ನೀರು. ಗುಲಾಬಿ ಬಯಸುವುದು ಪಿಎಚ್ 6ರಿಂದ 6.5ರ ಸ್ವಲ್ಪ ಹುಳಿಯಾದ ಮಣ್ಣು. ಇಲ್ಲಿ 8 ದಾಟುವುದು ಅಪರೂಪವಲ್ಲ. ಅಂಥ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಕರಗದ ರೂಪದಲ್ಲಿ ಕೂತಿರುತ್ತದೆ, ಬೇರಿಗೆ ದಕ್ಕುವುದಿಲ್ಲ. ಕಬ್ಬಿಣವಿಲ್ಲದೆ ಹರಿತ್ತು ತಯಾರಾಗದು. ಗುರುತು ಸುಲಭ: ತುದಿಯ ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ, ಅದಕ್ಕೆ ಗೊಬ್ಬರ ಉತ್ತರ. ಇದಕ್ಕೆ ಗೊಬ್ಬರ ಉತ್ತರವಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪಾತಿಯಿಂದ ಒಂದು ಚಮಚ ಒಣಮಣ್ಣು ತೆಗೆದು ಹಳೇ ತಟ್ಟೆಯಲ್ಲಿಟ್ಟು, ಬಚ್ಚಲು ತೊಳೆಯುವ ಆಸಿಡ್ ಎರಡು ಹನಿ ಬಿಡಿ, ಮುಖ ದೂರವಿರಲಿ. ಬುರಬುರ ನೊರೆ ಬಂದರೆ ಅದು ಸುಣ್ಣ ಕರಗಿ ಹೊರಡುವ ಇಂಗಾಲದ ಡೈಆಕ್ಸೈಡ್. ನೊರೆ ಜೋರಾಗಿದ್ದರೆ ಆ ಮಣ್ಣನ್ನು ತಿದ್ದುವ ಗೋಜಿಗೆ ಹೋಗದೆ ಎರಡಡಿ ಉದ್ದಗಲದ, ಎರಡಡಿ ಆಳದ ಗುಂಡಿ ತೆಗೆದು ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು ತುಂಬುವುದೇ ಜಾಣತನ. ಅಕ್ಕಿ ಗಿರಣಿಗಳ ಊರಾದ್ದರಿಂದ ಭತ್ತದ ಹೊಟ್ಟು ಸಲೀಸಾಗಿ ಸಿಗುತ್ತದೆ, ಬೇಸಿಗೆಯಲ್ಲಿ ಬುಡಕ್ಕೆ ಮೂರು ಬೆರಳು ದಪ್ಪ ಮುಚ್ಚಲು ಅದು ಒಳ್ಳೆಯದು. ಆದರೆ ಬೂದಿ ಹಾಕಬೇಡಿ. ಬೂದಿ ಕ್ಷಾರ, ಹುಳಿಮಣ್ಣಿನ ಮಲೆನಾಡಿನಲ್ಲಿ ಅದು ಗೊಬ್ಬರ, ಇಲ್ಲಿ ಗಾಯದ ಮೇಲೆ ಬರೆ. ಎಲೆ ಆಗಲೇ ಹಳದಿಯಾಗಿದ್ದರೆ ಕಬ್ಬಿಣದ ಕೀಲೇಟು ಕೊಡಬಹುದು. ಪೊಟ್ಟಣದ ಮೇಲಿನ ಅಕ್ಷರ ಓದಿಕೊಂಡು ಕೊಳ್ಳಿ: ಇಡಿಟಿಎ ಎಂದಿದ್ದರೆ ಸುಣ್ಣದ ಮಣ್ಣಿಗೆ ಬಿದ್ದ ಕೂಡಲೇ ಕಬ್ಬಿಣವನ್ನು ಕೈಬಿಡುತ್ತದೆ, ಅದನ್ನು ಎಲೆಗೆ ಸಿಂಪಡಿಸಿದರೆ ಮಾತ್ರ ಉಪಯೋಗ. ಮಣ್ಣಿಗೆ ಹಾಕುವುದಾದರೆ ಇಡಿಡಿಎಚ್‌ಎ ಎಂದಿರಬೇಕು, ಅದು ಕ್ಷಾರದಲ್ಲೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಗೋಡೆ ಯಾವುದಾಗಬೇಕು? ಪೂರ್ವದ್ದು. ಏಪ್ರಿಲಿನಲ್ಲಿ 38 ಡಿಗ್ರಿ ಕಾಯುವ ಊರಿನಲ್ಲಿ ಪಶ್ಚಿಮದ ಗೋಡೆ ಸಂಜೆಯವರೆಗೆ ಬಿಸಿಲು ಹೀರಿ ರಾತ್ರಿಯೆಲ್ಲ ಅದನ್ನು ಬಿಡುತ್ತಿರುತ್ತದೆ. ಕೆಂಪು ಹೂ ಬಣ್ಣಗೆಟ್ಟು ಚಿಕ್ಕದಾಗುವುದು, ಎಲೆಯಡಿಯಲ್ಲಿ ಕೆಂಪು ನುಸಿ ಬಲೆ ಕಟ್ಟುವುದು ಅಲ್ಲಿಯೇ. ಎಲ್ಲಿ ನೆಟ್ಟರೂ ಗೋಡೆಗೂ ತಂತಿಗೂ ನಡುವೆ ನಾಲ್ಕೈದು ಅಂಗುಲ ಗಾಳಿಯಾಡಲು ಬಿಡಬೇಕು. ಎಲೆಯ ಮೇಲೆ ದುಂಡು ಕಪ್ಪು ಚುಕ್ಕೆ ಮೂಡಿಸಿ ಉದುರಿಸುವ ಶಿಲೀಂಧ್ರಕ್ಕೆ ಎಲೆ ಸತತವಾಗಿ ಏಳು ಗಂಟೆಯಷ್ಟು ಒದ್ದೆಯಿದ್ದರೆ ಬೇರುಬಿಡಲು ಸಾಕು. ಸಂಜೆ ಆಫೀಸಿನಿಂದ ಬಂದು ಪೈಪು ಹಿಡಿದು ಗಿಡಕ್ಕೆ ತಲೆಸ್ನಾನ ಮಾಡಿಸುವವರು ಆ ಏಳು ಗಂಟೆಯನ್ನು ತಾವೇ ಒದಗಿಸುತ್ತಾರೆ. ನೀರು ಬೆಳಿಗ್ಗೆ, ಬುಡಕ್ಕೆ.

ಮಳೆಗಾಲ ಹಿಡಿದ ಮೇಲೆ ಗಿಡದ ಬುಡದಿಂದ ಹೆಬ್ಬೆರಳು ದಪ್ಪದ ರಸವತ್ತಾದ ಹೊಸ ರೆಂಬೆ ಏಳುತ್ತದೆ. ಮುಂದಿನ ವರ್ಷದ ಹೂವಿನ ಬಂಡವಾಳ ಅದೇ ಇರಬಹುದು, ಮೋಸವೂ ಇರಬಹುದು. ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಜೋಡಣೆ, ಕೆಳಗೆ ಬೇರುಗಿಡ, ಮೇಲೆ ಕಣ್ಣು ಕಸಿ ಮಾಡಿದ ತಳಿ. ನಮ್ಮ ದೇಶದಲ್ಲಿ ಬೇರುಗಿಡವಾಗಿ ಬಳಕೆಯಲ್ಲಿರುವವುಗಳಲ್ಲಿ ಒಂದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಬೇಲಿಗಳಲ್ಲಿ ಚೀನಾ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ತಾನಾಗಿ ಹುಟ್ಟಿದ ಮಿಶ್ರತಳಿಯ ಬಳಗ ಅದು. ಇನ್ನೊಂದು, ಮಲ್ಟಿಫ್ಲೋರಾ. ಅದರ ಎಲೆತೊಟ್ಟಿನ ಬುಡದಲ್ಲಿ ಅಂಟಿಕೊಂಡಿರುವ ಹಸಿರು ಅಂಚು ಸಣ್ಣ ಸಣ್ಣ ಎಳೆಗಳಾಗಿ ಸೀಳಿರುತ್ತದೆ, ಭೂತಗನ್ನಡಿ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಏಳು ಎಲೆದಳವಿದ್ದರೆ ಕಾಡುಚಿಗುರು, ಐದಿದ್ದರೆ ಒಳ್ಳೆಯದು ಎಂಬ ಲೆಕ್ಕ ಪೊದೆ ಗುಲಾಬಿಗೆ ಅಷ್ಟಿಷ್ಟು ಹೊಂದೀತು. ಬಳ್ಳಿಗಳಲ್ಲಿ ಅನೇಕಕ್ಕೆ ಏಳು ದಳವೇ ಸಹಜ, ಆ ಲೆಕ್ಕ ನಂಬಿ ಒಳ್ಳೆಯ ರೆಂಬೆಯನ್ನೇ ಕಿತ್ತವರಿದ್ದಾರೆ. ದಳ ಎಣಿಸುವ ಬದಲು ಬುಡದ ಮಣ್ಣು ಕೆದರಿ, ಚಿಗುರು ಹೊರಟಿರುವುದು ಕಸಿಯ ಗಂಟಿನ ಮೇಲಿಂದಲೋ ಕೆಳಗಿಂದಲೋ ನೋಡಿ. ಮೇಲಿಂದಾದರೆ ಒಂದು ಪಟ್ಟಿ ಕಟ್ಟಿ, ಈಗಿನಿಂದಲೇ ಬಾಗಿಸಲು ಶುರು ಮಾಡಿ. ಕೆಳಗಿಂದಾದರೆ ಕತ್ತರಿಯಿಂದ ಕತ್ತರಿಸಬೇಡಿ. ಉಳಿದ ಮೋಟಿನ ಬುಡದಲ್ಲಿ ಕಣ್ಣುಗಳಿರುತ್ತವೆ, ಒಂದರ ಜಾಗಕ್ಕೆ ಮೂರು ಏಳುತ್ತವೆ. ಮಣ್ಣು ತೇವವಿರುವಾಗ ಬುಡಕ್ಕೆ ಕೈಹಾಕಿ, ಕೆಳಮುಖವಾಗಿ ಎಳೆದು, ಬೇರಿಗೆ ಅಂಟಿದ ಹಿಮ್ಮಡಿ ಸಮೇತ ಕಿತ್ತು ತೆಗೆಯಿರಿ.